ಹಿಂದಿನ ಗೋಡೆಯ ಆಂಟೆನಾ

ಫೆಬ್ರವರಿ 7, ಶುಕ್ರವಾರ

ನಿನ್ನೆ ಸಂಜೆ ಐದೂಕಾಲಿಗೆ ಇವರು ತಾರಸಿಯಿಂದ ಬಿದ್ದರು.

ಇಷ್ಟು ಬರೆದು ಒಂದು ಗಂಟೆಯಾಯಿತು. ಮುಂದಿನ ವಾಕ್ಯ ಬರುತ್ತಿಲ್ಲ. ಕೈಕಾಲು ಅಲುಗಿದರೆ, ಕಣ್ಣು ತೆರೆದರೆ ಗುರುತು ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಕ್ಕೆ ಚೀಲದಲ್ಲಿದ್ದ ಅಂಗಡಿಯ ಆರ್ಡರ್ ಪುಸ್ತಕ ತೆಗೆದೆ. ಎಡಗಣ್ಣು, ಬಲಗಣ್ಣು ಎಂದು ಅಚ್ಚಾಗಿರುವ ಕಾಲಂಗಳ ಮೇಲೆಯೇ ಬರೆಯುತ್ತಿದ್ದೇನೆ.

ಆಗ ನಾನು ಕನ್ನಡಕದ ಅಂಗಡಿಯಲ್ಲಿದ್ದೆ. ಒಬ್ಬರು ಮೇಷ್ಟರು ಹೊಸ ಕನ್ನಡಕ ಹಾಕಿಕೊಂಡು ಕಿವಿಯ ಹಿಂದೆ ಒತ್ತುತ್ತದೆ ಎನ್ನುತ್ತಿದ್ದರು. ಯಜಮಾನರು ಫೋನ್ ಇಟ್ಟು ಬಂದು, ಯಾರೋ ಹೆಂಗಸು ಮಾತಾಡಿದರು, ನಿಮ್ಮ ಮನೆಯವರು ತಾರಸಿಯಿಂದ ಬಿದ್ದಿದ್ದಾರಂತೆ, ದೊಡ್ಡಾಸ್ಪತ್ರೆಗೆ ಒಯ್ಯುತ್ತಾರಂತೆ ಎಂದರು. ನಾನು ಸರಿ ಎಂದು ತಲೆಯಾಡಿಸಿದೆ. ಮೇಷ್ಟರ ಕನ್ನಡಕದ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿದೆ, ತಿರುಪು ಬಿಗಿ ಮಾಡಿದೆ, ಗಾಜು ಒರೆಸಿ ಡಬ್ಬಿಯಲ್ಲಿಟ್ಟು ಕೊಟ್ಟೆ. ಮುಂದಿನವರನ್ನು ಕೂರಿಸಿ ಬೋರ್ಡಿನ ಕೊನೆಯ ಸಾಲು ಓದಿಸಿದೆ. ಯಜಮಾನರು ಬಂದು ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡ ಮೇಲೆಯೇ ನಾನು ಹೊರಟದ್ದು.

ಬಿದ್ದದ್ದು ಹಿಂದಿನ ಗಲ್ಲಿಗೆ. ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ ಅಡ್ಡ ಸಿಕ್ಕಿದ್ದರಿಂದ ಉಳಿದರು ಎಂದರು. ಎಡತೊಡೆಯ ಮೂಳೆ, ಎಡಭುಜದ ಕಾಲರ್ ಮೂಳೆ ಮುರಿದಿವೆ. ತಲೆಗೆ ಪೆಟ್ಟು. ಪ್ರಜ್ಞೆ ಇಲ್ಲ.

ಮೂರು ವಾರದಿಂದ ನಮ್ಮ ಟಿವಿಯ ಚಾನೆಲ್ಲುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಮೂವತ್ತೊಂದು ಇದ್ದದ್ದು ಒಂಬತ್ತಕ್ಕೆ ಬಂದಿತ್ತು. ಅತ್ತೆ ನೋಡುವ ಧಾರಾವಾಹಿಯೂ ಹೋಗಿತ್ತು. ನಿನ್ನೆ ಬೆಳಿಗ್ಗೆ ಇವರು ಗ್ರಂಥಾಲಯಕ್ಕೆ, ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸಕ್ಕೆ, ಹೊರಟು ನಿಂತಾಗ ನಾನು ಬಾಗಿಲಲ್ಲೇ ಹೇಳಿದೆ: "ಒಂದು ಟಿವಿ ಸರಿ ಮಾಡೋಕೆ ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡಿ. ನಾನೇ ಹತ್ತುತ್ತೀನಿ ತಾರಸಿ." ಅವರು ಲೇಸು ಕಟ್ಟುತ್ತಾ ತಲೆಯೆತ್ತದೆ, "ಇವತ್ತು ನೋಡ್ತೀನಿ ಬಿಡು," ಎಂದರು.

ನೋಡಿದರು.

ಫೆಬ್ರವರಿ 8, ಶನಿವಾರ

ಕಣ್ಣು ತೆರೆದಿಲ್ಲ. ಬಲಗೈಯ ತೋರುಬೆರಳು ಒಮ್ಮೆ ಅಲುಗಿತು, ಹನ್ನೊಂದು ಗಂಟೆ ಸುಮಾರಿಗೆ.

ಫೆಬ್ರವರಿ 11, ಮಂಗಳವಾರ

ಇವತ್ತು ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಒಂದು ಫಾರ್ಮ್ ತುಂಬಿಸುತ್ತಾ, ಮುಖ ನೋಡದೆ ಕೇಳಿದಳು, ಬೀಳುವ ಮುಂಚೆ ಮನಸ್ಸಿಗೆ ಬೇಜಾರು ಮಾಡಿಕೊಂಡಿದ್ದರೇ, ಮನೆಯಲ್ಲಿ ಮಾತುಕತೆ ಏನಾದರೂ ಆಗಿತ್ತೇ ಎಂದು. ಎಲ್ಲರನ್ನೂ ಕೇಳುವ ಪ್ರಶ್ನೆಯಂತೆ. ಇಲ್ಲ ಎಂದೆ. ಹೊರಗೆ ಬಂದ ಮೇಲೆ ಆ ಪ್ರಶ್ನೆಯ ಅರ್ಥ ಹೊಳೆದು, ಬೆಂಚಿನ ಮೇಲೆ ಕೂತೆ.

ಮನೆಗೆ ಹೋಗುವಾಗ ಕೆಳಗಿನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಯಾರೋ ನಿಂತಿದ್ದರು. ನಾನು ನೋಡಲಿಲ್ಲ. ಅಲ್ಲಿರುವುದು ನನ್ನ ಒಡಹುಟ್ಟಿದ ಅಕ್ಕ. ಮೂರು ವರ್ಷದಿಂದ ಮಾತಿಲ್ಲ. ಅಮ್ಮ ಕೊನೆಯುಸಿರೆಳೆದದ್ದು ಅವಳ ಮನೆಯಲ್ಲಿ. ಒಂದು ಮಹಡಿ ಹತ್ತಿ ಬಂದು ನನಗೆ ಹೇಳಲು ಅವಳಿಗೆ ಎರಡು ಗಂಟೆ ಬೇಕಾಯಿತು. ನಾನು ಹೋದಾಗ ಅಮ್ಮನ ಕೈ ತಣ್ಣಗಾಗಿತ್ತು. ಅದನ್ನು ನಾನು ಮರೆಯುವುದಿಲ್ಲ.

ಅತ್ತೆ ಅನ್ನಕ್ಕಿಟ್ಟು ಕಾಯುತ್ತಿದ್ದರು. ಎಪ್ಪತ್ತೆಂಟು ವರ್ಷ. ಮಗ ಹೀಗೆ ಮಲಗಿದ್ದಾನೆ, ಆಕೆ ಅಳುವುದಿಲ್ಲ. "ನಾನು ಅತ್ತರೆ ನೀನು ನನ್ನನ್ನೂ ನೋಡ್ಕೋಬೇಕಾಗುತ್ತೆ. ನಿನಗೆ ಪುರಸೊತ್ತಿಲ್ಲ," ಎಂದು ತಟ್ಟೆ ಮುಂದಿಟ್ಟರು.

ಫೆಬ್ರವರಿ 13, ಗುರುವಾರ

ಒಂದು ವಾರ. ಟಿವಿಯನ್ನು ಯಾರೂ ಮುಟ್ಟಿರಲಿಲ್ಲ. ಅದರ ಮೇಲೆ ಅತ್ತೆ ಒಂದು ಟವೆಲ್ ಹೊದಿಸಿದ್ದರು. ಇವತ್ತು ಆಸ್ಪತ್ರೆಗೆ ಹೊರಡುವ ಮುಂಚೆ ಏನನ್ನಿಸಿತೋ, ಟವೆಲ್ ತೆಗೆದು ಹಾಕಿದೆ. ಅವರ ಪ್ರಾಣಕ್ಕೇ ಬಂದ ಕೆಲಸ ಆಗಿತ್ತೋ ಇಲ್ಲವೋ ಎಂದಾದರೂ ತಿಳಿಯಬೇಕಿತ್ತು.

ಅದೇ ಒಂಬತ್ತು ಚಾನೆಲ್ಲು. ಉಳಿದ ಕಡೆ ಸಿಗ್ನಲ್ ಇಲ್ಲ ಎಂಬ ಚೌಕ. ಹಾಗಾದರೆ ಸರಿ ಮಾಡುವ ಮುಂಚೆಯೇ ಬಿದ್ದರು ಎಂದುಕೊಂಡೆ. ಆಮೇಲೆ ರಿಮೋಟಿನ ಮೆನುವಿನಲ್ಲಿ ಸಿಗ್ನಲ್ ಪುಟ ಇರುವುದು ನೆನಪಾಯಿತು. ಎರಡು ಪಟ್ಟಿ, ಒಂದು ಬಲ, ಇನ್ನೊಂದು ಗುಣಮಟ್ಟ. ಮೂರು ವಾರ ಅವು ಕೆಂಪಗೆ ಕೆಳಗೆ ಬಿದ್ದುಕೊಂಡಿದ್ದವು. ಇವತ್ತು ಎರಡೂ ತುಂಬಿ ಹಸಿರಾಗಿದ್ದವು. ಹೊಸದಾಗಿ ಹುಡುಕು ಎನ್ನುವುದನ್ನು ಒತ್ತಿದೆ. ಅಂಕಿ ಏರುತ್ತಾ ಹೋಯಿತು. ಹನ್ನೆರಡು, ಹತ್ತೊಂಬತ್ತು, ಇಪ್ಪತ್ತಾರು, ಮೂವತ್ತೊಂದು. ಅತ್ತೆಯ ಧಾರಾವಾಹಿಯ ನಾಯಕಿ ಪರದೆ ತುಂಬ ನಗುತ್ತಾ ನಿಂತಳು. ನನಗೆ ಕಿರುಚಬೇಕೆನಿಸಿತು.

ಟಿವಿಯಿಂದ ವೈರಿನ ಜಾಡು ಹಿಡಿದು ನೋಡುತ್ತಾ ಹೋದೆ. ದೋಷ ಇದ್ದದ್ದು ಬಟ್ಟೆಯ ಕಪಾಟಿನ ಹಿಂದೆ. ಗೋಡೆಗುಂಟ ಬರುವ ಆಂಟೆನಾ ವೈರನ್ನು ಕಪಾಟಿನ ಕಾಲು ಚಪ್ಪಟೆ ಮಾಡಿತ್ತು. ಆ ತುಂಡನ್ನು ಕತ್ತರಿಸಿ ತೆಗೆದು, ಹೊಸ ಪಿನ್ನು ಹಾಕಿ ಜೋಡಿಸಿ, ಮತ್ತೆ ಸಿಕ್ಕದ ಹಾಗೆ ವೈರನ್ನು ಗೋಡೆಯ ಮೊಳೆಗೆ ಕಟ್ಟಿದ್ದರು. ಕಟ್ಟಿದ್ದು ಪುಸ್ತಕ ಹೊಲಿಯುವ ಮೇಣದ ದಾರದಿಂದ. ರಟ್ಟು ಹಾಕುವವರ ಗಂಟು, ಎಳೆದಷ್ಟೂ ಬಿಗಿಯಾಗುವುದು. ಅವರ ಕೆಲಸವೇ. ಅವತ್ತೇ ಮಾಡಿದ್ದು. ಕತ್ತರಿಸಿದ ತುಂಡು ಇನ್ನೂ ಅಲ್ಲೇ ನೆಲದ ಮೇಲಿತ್ತು.

ಕಪಾಟನ್ನು ಸರಿಸಿದ್ದು ನಾನು. ಕಸ ಗುಡಿಸಲೆಂದು, ನಾಲ್ಕು ವಾರದ ಹಿಂದೆ.

ಫೆಬ್ರವರಿ 15, ಶನಿವಾರ

ಕಣ್ಣು ತೆರೆದಿಲ್ಲ. ಎರಡೂ ಕೈ ಬೆರಳು ಅಲುಗುತ್ತಿವೆ.

ನಾಲ್ಕು ಚಾನೆಲ್ಲುಗಳಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಅದೇ ನೆಪವಾಗಿ ಆಂಟೆನಾ ಮೆಕ್ಯಾನಿಕ್ಕನ್ನು ಕರೆಸಿದೆ. ನೆಪ ಎಂದು ಈಗ ಬರೆಯುತ್ತಿದ್ದೇನೆ. ಮೇಲೆ ಅವರು ಏನು ಮಾಡಿದ್ದರು ಎಂದು ಯಾರಾದರೂ ನೋಡಿ ಹೇಳಬೇಕಿತ್ತು. ನಾನೇ ಹತ್ತುತ್ತೀನಿ ಎಂದಿದ್ದವಳಿಗೆ ಹತ್ತುವ ಧೈರ್ಯ ಇರಲಿಲ್ಲ.

ಮೆಕ್ಯಾನಿಕ್ ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಟಿವಿಯ ಹಿಂದಿನ ಬೂಸ್ಟರ್ ಡಬ್ಬಿಯ ಪ್ಲಗ್ಗು ಸಡಿಲವಾಗಿತ್ತು, ಒತ್ತಿದ, ಚೌಕಗಳು ಹೋದವು. ಆಮೇಲೆ ತಾರಸಿಗೆ ಹೋಗಿ ಹತ್ತು ನಿಮಿಷಕ್ಕೆ ಇಳಿದು ಬಂದ. ನಿಮ್ಮ ಆಂಟೆನಾ ಚೆನ್ನಾಗಿದೆ, ಯಾರೂ ಅದನ್ನು ಮುಟ್ಟಿಯೇ ಇಲ್ಲ ಎಂದ. ಮುಟ್ಟಿದ್ದಾರೆ, ಅದನ್ನು ಸರಿ ಮಾಡುವಾಗಲೇ ನಮ್ಮ ಮನೆಯವರು ಬಿದ್ದದ್ದು ಎಂದೆ. ಅವನು ತಲೆಯಾಡಿಸಿದ. ನಟ್ಟುಗಳ ಮೇಲೆ ಹಳೆಯ ಪೇಂಟು ಹಾಗೇ ಇದೆ, ಸ್ಪ್ಯಾನರ್ ಹಾಕಿದ್ದರೆ ಬಿರಿಯುತ್ತಿತ್ತು, ಆಂಟೆನಾದ ಕಡ್ಡಿಯ ಮೇಲೆ ಕಣಜದ ಗೂಡೊಂದು ಅಲುಗದೆ ಕೂತಿದೆ ಎಂದ.

"ಎಲ್ಲಿ ಬಿದ್ರು ಅಮ್ಮ?"

"ಹಿಂದೆ. ಸೈಕಲ್ ಚಪ್ಪರದ ಮೇಲೆ."

ಅವನು ತನ್ನ ಚೀಲದ ಜಿಪ್ಪು ಎಳೆದ. "ನಿಮ್ಮ ಆಂಟೆನಾ ಮುಂದಿದೆಯಲ್ಲ," ಎಂದ.

ಒಂಬತ್ತು ದಿನದಿಂದ ಹಿಂದಿನ ಗಲ್ಲಿ, ತಗಡು ಎಂದು ಎಲ್ಲರಿಗೂ ಹೇಳುತ್ತಿದ್ದೇನೆ. ಈ ಪುಸ್ತಕದಲ್ಲೂ ಬರೆದಿದ್ದೇನೆ. ನಮ್ಮ ಆಂಟೆನಾ ರಸ್ತೆಯ ಕಡೆ ಇದೆ ಎಂದು ನನಗೆ ಗೊತ್ತು, ಹದಿನಾಲ್ಕು ವರ್ಷದಿಂದ ಗೊತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಫೆಬ್ರವರಿ 16, ಭಾನುವಾರ

ಟಿವಿ ಸರಿ ಮಾಡಿಯಾಗಿತ್ತು. ಆಮೇಲೆ ತಾರಸಿಗೆ ಹೋದರು.

ಫೆಬ್ರವರಿ 18, ಮಂಗಳವಾರ

ಮೂರು ದಿನದಿಂದ ಡಾಕ್ಟರಮ್ಮನ ಪ್ರಶ್ನೆ ಬಿಟ್ಟು ತಲೆಯಲ್ಲಿ ಬೇರೇನೂ ಇಲ್ಲ. ತಾರಸಿಯ ಹಿಂಭಾಗಕ್ಕೆ ನಾವು ಹೋಗುವುದಿಲ್ಲ. ನಡುವೆ ಬಟ್ಟೆ ಒಣಹಾಕುವ ಹಗ್ಗ, ಅದರಾಚೆ ಅಕ್ಕನದು. ಅಮ್ಮ ಹೋದ ಮೇಲೆ ಹಾಗೆಂದು ನಾನೇ ಗೆರೆ ಎಳೆದದ್ದು. ಅಲ್ಲಿ ನಿಂತರೆ ರಸ್ತೆಯಿಂದ ಯಾರಿಗೂ ಕಾಣುವುದಿಲ್ಲ. ಬೀಳಲೆಂದೇ ಹೋದವರು ಅಲ್ಲಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತಾರೆ?

ಅವರ ಮೇಜಿನ ಡ್ರಾಯರು ಜಾಲಾಡಿದೆ. ಬಟ್ಟೆ ಜೇಬುಗಳನ್ನೆಲ್ಲ ತಿರುವಿದೆ. ಪತ್ರ ಇಲ್ಲ. ಗ್ರಂಥಾಲಯಕ್ಕೆ ಹೋಗಿ ರಟ್ಟಿನ ವಿಭಾಗದಲ್ಲಿ ಕೇಳಿದೆ. ಅವತ್ತು ಮಧ್ಯಾಹ್ನವೇ ರಜೆ ಹಾಕಿ ಹೋದರು, ಮನೆಯಲ್ಲಿ ಕೆಲಸ ಇದೆ ಅಂದರು, ಖುಷಿಯಾಗೇ ಇದ್ದರು ಎಂದರು. ಖುಷಿಯಾಗಿ ಎಂದು ಕೇಳಿ ಇನ್ನೂ ಹೆದರಿದೆ.

ಇಪ್ಪತ್ತಾರು ವರ್ಷದ ಸಂಸಾರ. ನಾನು ಏರಿಸಿದ ಧ್ವನಿಗೆ ಅವರು ಒಂದು ದಿನ ಎದುರು ಹೇಳಿದವರಲ್ಲ. ಅದನ್ನು ನಾನು ಇಷ್ಟು ದಿನ ಶಾಂತ ಸ್ವಭಾವ ಎಂದುಕೊಂಡಿದ್ದೆ.

ಕೊನೆಗೆ ಅತ್ತೆಯನ್ನೇ ಕೇಳಿಬಿಟ್ಟೆ. ಅಕ್ಕಿ ಆರಿಸುತ್ತಿದ್ದರು. ನಿಮ್ಮ ಮಗ ತಾವಾಗೇ ಬಿದ್ದರೋ ಏನೋ ಎಂದು ನಾನು ತಡವರಿಸುತ್ತಿದ್ದಂತೆ ಅವರ ಕೈ ನಿಂತಿತು. ಅಷ್ಟು ಬೆರಗಿನಿಂದ ಅವರು ನನ್ನನ್ನು ನೋಡಿದ್ದು ಇದೇ ಮೊದಲು.

"ಹುಚ್ಚಿ," ಎಂದರು. "ಅವತ್ತು ಸಂಜೆಗೆ ಬೋಂಡ ಕರಿ, ಬಂದೆ ಅಂತ ಹೇಳಿ ಹೋದ. ಸಾಯೋಕೆ ಹೋಗೋನು ಎಣ್ಣೆ ಕಾಯಿಸೋಕೆ ಹೇಳ್ತಾನಾ?" ಮತ್ತೆ ಅಕ್ಕಿಗೆ ಕೈ ಹಾಕಿ, ಒಂದು ಕಲ್ಲು ಎತ್ತಿ ಆಚೆಗಿಟ್ಟರು. "ನನ್ನ ಬಾಯಿಂದ ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದೀನಿ. ನೀನೇ ಹೋಗಿ ನೋಡು. ಹಗ್ಗದ ಆಚೆ."

ಫೆಬ್ರವರಿ 19, ಬುಧವಾರ

ಬೆಳಿಗ್ಗೆ ಹೋದೆ. ಹಗ್ಗದ ಮೇಲೆ ಅಕ್ಕನ ಎರಡು ಸೀರೆ ಒಣಗುತ್ತಿದ್ದವು. ಕೈಯಿಂದ ಸರಿಸಿ ಆಚೆ ದಾಟಿದೆ.

ಹಿಂದಿನ ಮೂಲೆಯಲ್ಲಿ ನೀರಿನ ಟ್ಯಾಂಕಿನ ಗೋಡೆ. ಆ ಗೋಡೆಗೆ ಒಂದು ಕಬ್ಬಿಣದ ಕಂಬ, ಕಂಬದ ತುದಿಗೆ ಅಕ್ಕನ ಆಂಟೆನಾ. ಅದು ಹೊರಗಡೆಗೆ ವಾಲಿ ಗಲ್ಲಿಯನ್ನು ನೋಡುತ್ತಿತ್ತು. ಹಿಡಿತದ ಪಟ್ಟಿಗೆ ಹೊಸ ಬೋಲ್ಟು ಹಾಕಿ, ನಟ್ಟನ್ನು ಅರ್ಧಕ್ಕೆ ಬಿಟ್ಟಿದ್ದರು. ಕೆಳಗೆ ಮೊಣಕಾಲೆತ್ತರದ ಕೈಗೋಡೆ. ಅದರ ಮೇಲೆ ಏಣಿ ಜಾರಿ ಗೀಚಿದ ಗುರುತು. ಏಣಿಯನ್ನು ಯಾರೋ ಪಕ್ಕಕ್ಕೆ ಮಲಗಿಸಿದ್ದರು.

ಕಂಬದುದ್ದಕ್ಕೂ ವೈರನ್ನು ಮೇಣದ ದಾರದಿಂದ ಕಟ್ಟಿತ್ತು. ಅದೇ ಗಂಟು. ಒಂದು ಗಂಟು ಹೊಸದು, ಬಿಳಿ. ಅದರ ಕೆಳಗಿನದು ಹಳದಿಯಾಗಿತ್ತು. ಅದರ ಕೆಳಗಿನದು ಬೂದಿ ಬಣ್ಣ. ಇನ್ನೂ ಕೆಳಗಿನದು ಬಿಸಿಲಿಗೆ ಪುಡಿಯಾಗುವಷ್ಟು ಹಳೆಯದು, ಮುಟ್ಟಿದರೆ ಉದುರಿತು. ಏಳು ಗಂಟು.

ಮೂರು ವರ್ಷದಿಂದ ಅವರು ಇಲ್ಲಿಗೆ ಬಂದು ಹೋಗುತ್ತಿದ್ದಾರೆ.

ನನಗೆ ಮೊದಲು ಬಂದದ್ದು ನೆಮ್ಮದಿ. ಅಲ್ಲೇ ಕೂತೆ. ಸಾಯಲು ಹೋಗಿರಲಿಲ್ಲ. ಆಮೇಲೆ, ಅದೇ ಜಾಗದಲ್ಲಿ ಕೂತು, ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ನನ್ನ ಬೆನ್ನ ಹಿಂದೆ, ಅವಳಿಗಾಗಿ! ಅತ್ತೆಗೂ ಗೊತ್ತಿತ್ತು. ಈ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಫೆಬ್ರವರಿ 20, ಗುರುವಾರ

ಕೆಳಗಿನ ಮನೆಯ ಬಾಗಿಲು ತಟ್ಟಿದೆ. ಚಪ್ಪಲಿ ಬಿಡದೆ ಒಳಗೆ ಹೋದೆ.

ಅಕ್ಕನಿಗೆ ಇಷ್ಟು ವಯಸ್ಸಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಮೊಣಕಾಲು ಊದಿ, ಗೋಡೆ ಹಿಡಿದು ನಡೆಯುತ್ತಾಳೆ. ಅವಳ ಟಿವಿಯ ಪ್ಲಗ್ಗು ಕಿತ್ತು ವೈರನ್ನು ಸುತ್ತಿ ಇಟ್ಟಿತ್ತು. ಹೇಳಬೇಕೆಂದು ರಾತ್ರಿಯಿಂದ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಹೇಳಿದೆ. ನನ್ನ ಗಂಡ ನಿನ್ನ ಟಿವಿಗೋಸ್ಕರ ಸಾಯಬೇಕಿತ್ತಾ ಎಂದೂ ಕೇಳಿದೆ. ನಾನು ಸುಸ್ತಾಗಿ ನಿಂತ ಮೇಲೆ ಅವಳು ಕುರ್ಚಿಯ ತೋಳು ಹಿಡಿದು ನಿಧಾನಕ್ಕೆ ಕೂತಳು.

ತಾನು ಕರೆದಿರಲಿಲ್ಲ ಎಂದಳು. ಅಮ್ಮ ಹೋದ ಮುಂದಿನ ತಿಂಗಳು ಗಾಳಿಗೆ ಕಂಬ ವಾಲಿ ಎಲ್ಲ ಚಾನೆಲ್ಲೂ ಹೋಗಿತ್ತಂತೆ. ಇವರೇ ಬಾಗಿಲಿಗೆ ಬಂದು, ಮೇಲಿಂದ ನೋಡಿದೆ, ಸರಿ ಮಾಡಿ ಕೊಡ್ತೀನಿ, ಅವಳಿಗೆ ಗೊತ್ತಾಗೋದು ಬೇಡ ಅತ್ತಿಗೆ ಎಂದರಂತೆ. ಆಮೇಲೆ ಗಾಳಿಯೆದ್ದಾಗೆಲ್ಲ ಬಂದರು. ಒಳಗೆ ಬಂದು ಕೂತವರಲ್ಲ, ನೀರೂ ಕುಡಿದವರಲ್ಲ. ಅವತ್ತು ನಮ್ಮ ಟಿವಿ ಮುಗಿಸಿ, ಇನ್ನೂ ಹೊತ್ತಿದೆ ಎಂದು ಇವಳದಕ್ಕೂ ಹತ್ತಿದ್ದರು. ಇವಳು ಟಿವಿಯ ಮುಂದೆ ನಿಂತು ಕಿಟಕಿಯಿಂದ ಕೂಗಿ ಹೇಳುತ್ತಿದ್ದಳು.

"ಆರು ಚಾನೆಲ್ ಬಂದಿತ್ತು. ಸಾಕು ಅನ್ನಬಹುದಿತ್ತು. ಇನ್ನೊಂಚೂರು ಆಚೆ ತಿರುಗಿಸಿ ಅಂದೆ." ಅವಳು ತನ್ನ ಅಂಗೈಯನ್ನೇ ನೋಡುತ್ತಿದ್ದಳು. "ನಾನೇ ಅಂದಿದ್ದು, ಪುಟ್ಟಿ. ಆಮೇಲೆ ತಗಡಿನ ಸದ್ದು."

ಅಮ್ಮ ಹೋದ ಮೇಲೆ ನನ್ನನ್ನು ಪುಟ್ಟಿ ಎಂದು ಯಾರೂ ಕರೆದಿರಲಿಲ್ಲ.

ಅಂಗಡಿಗೆ ಫೋನ್ ಮಾಡಿದ ಹೆಂಗಸು ನೀನೇನಾ ಎಂದೆ. ಹೌದು ಎಂದಳು. ನನ್ನ ಮೊಬೈಲಿಗೆ ಯಾಕೆ ಮಾಡಲಿಲ್ಲ ಎಂದು ಸಿಡುಕಿದೆ.

"ನನ್ನ ನಂಬರಿಂದ ನಿನಗೆ ಹೋಗಲ್ಲವಲ್ಲ," ಎಂದಳು. "ಅಮ್ಮನ ದಿನ ನಾನು ಎರಡು ಗಂಟೆ ಕೂತುಬಿಟ್ಟೆ. ಕೈ ಹಿಡ್ಕೊಂಡೇ ಕೂತಿದ್ದೆ. ಮೇಲೆ ಬಂದು ನಿನಗೆ ಹೇಳಿದ್ರೆ ನಿಜ ಆಗ್ಬಿಡುತ್ತೆ ಅಂತ. ಹೇಳದೆ ಇದ್ರೆ ಇನ್ನೂ ಇದಾಳೆ ಅನ್ನೋ ಹಾಗೆ. ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ಸಲ ತಡ ಮಾಡಲಿಲ್ಲ ಕಣೆ. ತಗಡು ಅಲುಗೋದು ನಿಲ್ಲೋ ಮುಂಚೆ ಫೋನ್ ಎತ್ತಿದೆ."

ಹೊರಗೆ ಬಂದೆ. ಮೆಟ್ಟಿಲ ಮಧ್ಯೆ ಎಷ್ಟೋ ಹೊತ್ತು ಕೂತಿದ್ದೆ. ಅವಳು ಹೇಳಿದ್ದು ನಿಜವಿರಬಹುದು. ಅಷ್ಟರಿಂದ ಎಲ್ಲ ಸರಿಹೋಗುವುದಿಲ್ಲ. ನನಗೆ ಅವಳ ಮೇಲೆ ಸಿಟ್ಟಿದೆ, ಇದ್ದೇ ಇದೆ.

ಮೊಬೈಲಿನಲ್ಲಿ ಆ ನಂಬರಿಗೆ ಹಾಕಿದ್ದ ತಡೆ ತೆಗೆದೆ. ಮನೆಯಲ್ಲಿ ಅತ್ತೆ ಒಬ್ಬರೇ ಇರುತ್ತಾರೆ, ತುರ್ತಿಗೆ ಬೇಕಾಗುತ್ತದೆ. ಅಷ್ಟೇ.

ಫೆಬ್ರವರಿ 22, ಶನಿವಾರ

ಕಣ್ಣು ತೆರೆದರು. ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ. ನನ್ನನ್ನು ನೋಡಿದರು. ನೋಡಿದ್ದು ನನ್ನನ್ನೇ, ಕಣ್ಣು ನನ್ನ ಜೊತೆ ತಿರುಗಿತು. ಎಷ್ಟೋ ಸಾವಿರ ಕಣ್ಣು ನೋಡಿದ್ದೇನೆ, ನನಗೆ ಗೊತ್ತಾಗುತ್ತದೆ.

ಅತ್ತೆಗೆ ಫೋನ್ ಮಾಡಿದೆ. ಆ ಕಡೆಯಿಂದ ಅಳು ಕೇಳಿಸಿತು. ಹದಿನಾರು ದಿನ ತಡೆದಿದ್ದು.

ಫೆಬ್ರವರಿ 27, ಗುರುವಾರ

ನಾಲಿಗೆ ಇನ್ನೂ ತೊದಲುತ್ತದೆ. ಒಂದೊಂದೇ ಮಾತು. ನೀರು. ನೋವು. ಅಮ್ಮ. ಬಿದ್ದ ದಿನದ್ದು ಏನೂ ನೆನಪಿಲ್ಲದಿರಬಹುದು, ಒತ್ತಾಯ ಮಾಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದಾಳೆ.

ಇವತ್ತು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ತಾವಾಗೇ ಕೇಳಿದರು: "ಟಿವಿ... ಬಂತಾ?"

"ಬಂತು ರೀ. ಮೂವತ್ತೊಂದೂ."

ತೃಪ್ತಿಯಾಯಿತು ಎನ್ನುವ ಹಾಗೆ ಕಣ್ಣು ಮುಚ್ಚಿದರು. ಹಾಗೇ ಬಿಡಬಹುದಿತ್ತು. ಆದರೆ ನನ್ನ ಬಾಯಿ ಸುಮ್ಮನಿರಲಿಲ್ಲ. ಹಿಂದಿನ ಗೋಡೆಯ ಹತ್ತಿರ ಹೋಗಿದ್ದೆ, ನಿಮ್ಮ ಗಂಟುಗಳನ್ನು ನೋಡಿದೆ ಎಂದೆ.

ಅವರು ಕಣ್ಣು ತೆರೆದರು. ಅಂಥ ಮುಖವನ್ನು ನಾನು ಎಂದೂ ಕಂಡಿರಲಿಲ್ಲ. ಸರಿಯಿದ್ದ ಬಲಗೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡರು, ಏನನ್ನೋ ಬಚ್ಚಿಡುವವರ ಹಾಗೆ.

"ಬೈಬೇಡ," ಎಂದರು.

ಚಮಚ ನನ್ನ ಕೈಯಲ್ಲೇ ಇತ್ತು. ಗಂಜಿ ಹೊದಿಕೆಯ ಮೇಲೆ ಸೋರುತ್ತಿರುವುದು ನನಗೆ ಕಾಣುತ್ತಿತ್ತು, ಕೈ ಅಲುಗಲಿಲ್ಲ. ಎರಡು ಕಡೆ ಮೂಳೆ ಮುರಿದಿದೆ, ತಲೆ ಒಡೆದಿದೆ, ಹದಿನಾರು ದಿನ ಎಲ್ಲೋ ಹೋಗಿ ವಾಪಸ್ಸು ಬಂದಿದ್ದಾರೆ. ಬಂದು, ಹೆದರಿದ್ದು ನನಗೆ.

ಇಲ್ಲ ರೀ, ಬೈಯಲ್ಲ ಎಂದೆನೋ ಇಲ್ಲವೋ ನೆನಪಿಲ್ಲ. ಹೊದಿಕೆ ಒರೆಸಿದೆ. ಆ ಕೈಯನ್ನು ಹುಡುಕಿ ಹೊರಗೆ ತೆಗೆದು ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ, ಆದರೆ ನಿದ್ದೆ ಬರುವ ತನಕ ಅದು ಬಿಗಿಯಾಗೇ ಇತ್ತು.

ಫೆಬ್ರವರಿ 28, ಶುಕ್ರವಾರ

ಹಿಂದಿನ ಗೋಡೆಯ ಆಂಟೆನಾ ಸರಿ ಮಾಡಿಸಲು ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಹನ್ನೆರಡು ದಿನ ಪುರಸೊತ್ತಿಲ್ಲವಂತೆ. ದೊಡ್ಡ ಕೆಲಸವಲ್ಲ, ನಿಮ್ಮ ಆಂಟೆನಾ ಯಾವ ದಿಕ್ಕಿಗೆ ನೋಡುತ್ತಿದೆಯೋ ಅದನ್ನೂ ಅದೇ ದಿಕ್ಕಿಗೆ ತಿರುಗಿಸಿ, ಕೆಳಗಿನವರು ಟಿವಿಯ ಸಿಗ್ನಲ್ ಪಟ್ಟಿ ನೋಡಿ ಹೇಳಲಿ, ಎರಡೂ ನಟ್ಟು ಬಿಗಿ ಮಾಡಿ, ಅಷ್ಟೇ ಎಂದ. ಒಬ್ಬರೇ ಹತ್ತಬೇಡಿ ಎಂದೂ ಹೇಳಿದ.

ಹನ್ನೆರಡು ದಿನ ಆಗುವುದಿಲ್ಲ. ಕಂಬ ಹಾಗೆ ವಾಲಿಕೊಂಡಿದ್ದರೆ ಕೆಳಗೆ ಸೈಕಲ್ ನಿಲ್ಲಿಸುವವರ ತಲೆ ಮೇಲೆ ಬೀಳುತ್ತದೆ. ಅದಕ್ಕೇ.

ಮಾರ್ಚ್ 2, ಭಾನುವಾರ

ಅತ್ತೆಯ ಕೈಲಿ ಅಕ್ಕನಿಗೆ ಹೇಳಿ ಕಳಿಸಿದೆ. ಹನ್ನೊಂದು ಗಂಟೆಗೆ ಟಿವಿ ಹಾಕಿಕೊಂಡು ಕಿಟಕಿ ತೆರೆದಿರಲಿ, ನಾನು ಕೂಗುತ್ತೇನೆ ಎಂದು. ಅತ್ತೆ ಹೋದವರು ತುಂಬ ಹೊತ್ತಾದರೂ ಬರಲಿಲ್ಲ. ಕಾಯದೆ ಸ್ಪ್ಯಾನರ್ ತೆಗೆದುಕೊಂಡು ತಾರಸಿಗೆ ಹೋದೆ.

ಏಣಿಯನ್ನು ಟ್ಯಾಂಕಿನ ಗೋಡೆಗೆ ಒರಗಿಸಿದೆ. ಮೂರು ಮೆಟ್ಟಿಲು ಹತ್ತುವವರೆಗೆ ಏನೂ ಆಗಲಿಲ್ಲ. ನಾಲ್ಕನೆಯದರಲ್ಲಿ ಕೈಗೋಡೆಯಾಚೆ ಗಲ್ಲಿ ಕಂಡಿತು. ತಗಡು ಇನ್ನೂ ನೆಗ್ಗಿಕೊಂಡೇ ಇತ್ತು, ಅವರ ಮೈಯಷ್ಟು ಅಗಲ. ಕಂಬವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ. ಮೊಣಕಾಲಿನ ನಡುಕಕ್ಕೆ ಏಣಿ ಗೋಡೆಗೆ ತಾಗಿ ಟಕಟಕ ಎನ್ನುತ್ತಿತ್ತು. ಇಳಿದುಬಿಡೋಣ ಎಂದುಕೊಂಡೆ. ಇಳಿಯಲೂ ಆಗಲಿಲ್ಲ.

ಬೇರೆ ದಾರಿಯಿಲ್ಲದೆ ಕೆಲಸಕ್ಕೆ ಕೈ ಹಾಕಿದೆ. ವಾಲಿದ ಕಂಬವನ್ನು ಭುಜದಿಂದ ಒತ್ತಿ ನೆಟ್ಟಗೆ ಮಾಡಿದೆ. ಆಚೆ ನಮ್ಮ ಆಂಟೆನಾವನ್ನು ನೋಡಿಕೊಂಡು ಇದನ್ನೂ ಅದೇ ಕಡೆಗೆ ತಿರುಗಿಸಿದೆ. ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವಳನ್ನು ಕೂಗಬೇಕಿತ್ತು.

"ಬಂತಾ?"

ಇನ್ನೂ ಜೋರಾಗಿ ಕೂಗಿದೆ. ಆಗ ಕೆಳಗಿನ ಕಿಟಕಿಯಿಂದ ಧ್ವನಿ ಬಂತು, "ಇಲ್ಲಾ. ಕೆಂಪು ಪಟ್ಟಿ!" ಎಂದು.

ಅದು ಅಕ್ಕನ ಧ್ವನಿಯಲ್ಲ. ನಮ್ಮ ಅತ್ತೆಯದು.

ಸ್ವಲ್ಪ ಎಡಕ್ಕೆ ತಿರುಗಿಸಿದೆ. "ಈಗ?"

"ಎಂಟು ಬಂತು. ನನ್ನ ಧಾರಾವಾಹಿ ಇನ್ನೂ ಬಂದಿಲ್ಲ," ಎಂದರು ಅತ್ತೆ, ಬೀದಿಗೆಲ್ಲ ಕೇಳುವ ಹಾಗೆ.

ಇನ್ನೊಂದು ಬೆರಳಷ್ಟು ತಿರುಗಿಸಲು ಹೊರಗೆ ಬಾಗಬೇಕಿತ್ತು. ಬಾಗಿದೆ. ಟಕಟಕ ನಿಂತಿರುವುದು ಆಗ ಗಮನಕ್ಕೆ ಬಂತು. ಕಾಲು ಇನ್ನೂ ನಡುಗುತ್ತಿತ್ತು, ಏಣಿ ಮಾತ್ರ ಅಲುಗಲಿಲ್ಲ. ತಲೆ ಬಗ್ಗಿಸಿ ನೋಡಿದೆ.

ಅಕ್ಕ ಕೆಳಗೆ ನೆಲದ ಮೇಲೆ ಕೂತಿದ್ದಳು. ನಿಲ್ಲಲು ಆಗದೆ ಕೂತಿದ್ದಳು. ಏಣಿಯ ಎರಡೂ ಕಾಲನ್ನು ಎದೆಗವಚಿಕೊಂಡು, ಕೆನ್ನೆಯನ್ನು ಮೆಟ್ಟಿಲಿಗೆ ಒತ್ತಿಕೊಂಡಿದ್ದಳು. ಮುಖವೆಲ್ಲ ಬೆವರು. ಎರಡು ಮಹಡಿ ಯಾವಾಗ ಹತ್ತಿದಳೋ, ಆ ಮೊಣಕಾಲಲ್ಲಿ ಹೇಗೆ ಹತ್ತಿದಳೋ.

ಗೋಡೆ ಹಿಡಿದೂ ನಡೆಯಲಾಗದವಳು ಇಲ್ಲಿಗೇಕೆ ಬಂದೆ ಎನ್ನಬೇಕೆಂದುಕೊಂಡೆ, ಬಾಯಿಂದ ಬಂದದ್ದು ಬೇರೆ.

"ಬಿಡಬೇಡ ಅಕ್ಕ," ಎಂದೆ.

"ಬಿಡಲ್ಲ. ನೀನು ತಿರುಗಿಸು," ಎಂದಳು ಅವಳು. ಅವಳಿಗೆ ಇನ್ನೂ ಏದುಸಿರು.

ತಿರುಗಿಸಿದೆ. ಕೆಳಗಿನಿಂದ ಅತ್ತೆ ಒಂದೊಂದೇ ಅಂಕಿ ಓದತೊಡಗಿದರು, ಹದಿನಾಲ್ಕು, ಇಪ್ಪತ್ತು, ಇಪ್ಪತ್ತೇಳು. ನಾನು ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದರಲ್ಲಿ ನಟ್ಟು ಬಿಗಿ ಮಾಡುತ್ತಾ ಹೋದೆ.